ಸಕ್ಯುಲೆಂಟ್ ಎಲೆ ಮೆತ್ತಗಾಗಿದೆ: ನೀರು ಜಾಸ್ತಿಯಾಯ್ತಾ, ಕಡಿಮೆಯಾಯ್ತಾ?

ಬಾಲ್ಕನಿ ಭಾಗ್ಯ | ಶನಿವಾರ, ಬೆಳಗ್ಗೆ 9:12

ಎಲ್ಲರಿಗೂ ನಮಸ್ಕಾರ. ಗಿಡಗಳ ವಿಷಯದಲ್ಲಿ ನಾನು ಹೊಸಬಳು, ಬೈಬೇಡಿ. ಮೂರು ವಾರದ ಹಿಂದೆ ನರ್ಸರಿಯಿಂದ ನಾಲ್ಕು ಸಕ್ಯುಲೆಂಟ್ ತಂದೆ, ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು. ಎರಡು ಎಚೆವೇರಿಯಾ, ಅಂದರೆ ಗುಲಾಬಿ ಹೂವಿನ ಥರ ಎಲೆ ಜೋಡಿಸಿಕೊಂಡಿರುತ್ತಲ್ಲ, ಅದು. ಇನ್ನೊಂದು ಹವರ್ಥಿಯಾ, ಮತ್ತೊಂದು ಜೇಡ್. ಬೆಂಗಳೂರು, ಬನಶಂಕರಿ, ಮೂರನೇ ಮಹಡಿ, ಪೂರ್ವದ ಬಾಲ್ಕನಿ. ಬಿಸಿಲು ಬಂದರೆ ಎರಡು ಗಂಟೆ ಇರುತ್ತದೆ, ಈ ಜುಲೈ ಮೋಡದಲ್ಲಿ ಅದೂ ಇಲ್ಲ.

ಈಗ ಎರಡೂ ಎಚೆವೇರಿಯಾದ ಕೆಳಗಿನ ಎಲೆ ಮೆತ್ತಗಾಗಿದೆ. ಫೋನಿನ ಗಿಡದ ಆಪ್‌ಗೆ ಫೋಟೋ ಹಾಕಿದರೆ ಎರಡಕ್ಕೂ ನೀರು ಜಾಸ್ತಿ ಅಂತು. ಪಕ್ಕದ ಮನೆ ಆಂಟಿ ನೋಡಿ, ಪಾಪ ಒಣಗಿ ಹೋಗಿದೆ, ನೀರು ಹಾಕಮ್ಮ ಅಂದರು. ನಮ್ಮ ಅತ್ತೆ ಇಬ್ಬರ ಮಾತೂ ಕೇಳದೆ ಬೆಳಗ್ಗೆ ತುಳಸಿಗೆ ಹಾಕುವಾಗ ಇದಕ್ಕೂ ಒಂದು ಕೈ ಚಿಮುಕಿಸುತ್ತಾರೆ. ಹವರ್ಥಿಯಾದ ಎಲೆ ತುದಿ ಗಾಜಿನಂತೆ ಆಗಿದೆ, ಅದೂ ಕೊಳೆಯುತ್ತಿದೆಯಾ? ಜೇಡ್ ಒಂದೇ ಕಡೆ ವಾಲಿ ಉದ್ದಕ್ಕೆ ಹೋಗುತ್ತಿದೆ. ಗಿಡ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಿ ಗೊತ್ತುಮಾಡಿಕೊಳ್ಳುವುದು ಹೇಗೆ? ದಯವಿಟ್ಟು ಹೇಳಿ.

ಸುಮ್ನೆ ಓದುಗ | 9:20

ನೀರು ಜಾಸ್ತಿ. ಮುಗೀತು.

ಕಳ್ಳಿಗೌಡ | 9:41

ಮೇಲಿನವರು ಅಷ್ಟು ಬೇಗ ತೀರ್ಪು ಕೊಡಬೇಡಿ. ಭಾಗ್ಯ ಅವರೇ, ಮೆತ್ತಗೆ ಅಂದರೆ ಹೇಗೆ ಮೆತ್ತಗೆ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ಬಾಯಾರಿದ ಎಲೆ ನಾಲ್ಕು ದಿನ ತರಕಾರಿ ಬುಟ್ಟಿಯಲ್ಲಿ ಮರೆತ ಬದನೆಕಾಯಿ ಥರ. ಸಿಪ್ಪೆ ಸುಕ್ಕು, ಎಲೆ ತೆಳ್ಳಗೆ, ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ, ಒಡೆಯುವುದಿಲ್ಲ. ಬಣ್ಣ ಹೆಚ್ಚುಕಡಿಮೆ ಮೊದಲಿನದೇ. ನೀರು ಜಾಸ್ತಿಯಾಗಿ ಕೆಟ್ಟ ಎಲೆ ಕೊಳೆತ ದ್ರಾಕ್ಷಿ ಥರ. ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಆಗಿ, ಒತ್ತಿದರೆ ಪಿಚಕ್ ಅನ್ನುತ್ತದೆ. ಕೈ ತಾಗಿದರೆ ಸಾಕು, ಉದುರುತ್ತದೆ. ಕಾಂಡದ ಬುಡ ಕಪ್ಪಾಗಿದ್ದರೆ ಕೊಳೆತ ಮೇಲಕ್ಕೆ ಏರಿದೆ ಅಂತ ತಿಳಿಯಿರಿ.

ಇನ್ನು ಕೆಳಗಿನ ಒಂದೆರಡು ಎಲೆ ಕಾಗದದಂತೆ ಒಣಗಿ ಅಂಟಿಕೊಂಡಿದ್ದರೆ ಅದು ಕಾಯಿಲೆಯೇ ಅಲ್ಲ. ಹಳೆ ಎಲೆಯ ನೀರನ್ನು ಗಿಡವೇ ಹೀರಿಕೊಂಡು ಹೊಸದಕ್ಕೆ ಕೊಡುತ್ತದೆ. ಎಲ್ಲಕ್ಕಿಂತ ಮೊದಲು ನಡುವಿನ ಸುಳಿ ನೋಡಿ. ಸುಳಿ ಗಟ್ಟಿಯಾಗಿ, ಹೊಸ ಎಲೆ ಬಿಡುತ್ತಿದ್ದರೆ ಗಾಬರಿ ಬೇಡ.

ಕುಡ್ಲದ ಕೈತೋಟ | 9:58

ಎಚೆವೇರಿಯಾ ಅಂದ ಕೂಡಲೇ ನನಗೆ ಅಳು ಬರುತ್ತದೆ ಮಾರಾಯ್ರೆ. ನಮ್ಮ ಮಂಗಳೂರಲ್ಲಿ ಒಂದೂ ಮಳೆಗಾಲ ದಾಟಿಲ್ಲ. ಜೂನ್ ಮೊದಲ ವಾರ ಚಂದ, ಕೊನೆ ವಾರ ಲೋಳೆ. ನೀರು ಹಾಕದೇ ಇದ್ದರೂ ಹೋಗುತ್ತದೆ, ಗಾಳಿಯಲ್ಲೇ ಅಷ್ಟು ತೇವ. ಏಳು ತಂದೆ, ಏಳೂ ಹೋಯಿತು. ಈಗ ಕಲ್ಲಿನಂಥ ಸ್ನೇಕ್ ಪ್ಲಾಂಟ್ ಇಟ್ಟುಕೊಂಡು ಸುಮ್ಮನಿದ್ದೇನೆ.

ಕಳ್ಳಿಗೌಡ | 10:05

ಅದು ನಿಮ್ಮ ತಪ್ಪಲ್ಲ. ಎಚೆವೇರಿಯಾ ಹೆಚ್ಚಿನವು ಮೆಕ್ಸಿಕೋದ ಎತ್ತರದ ಜಾಗದವು. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು, ಗಾಳಿ ಒಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ರಾತ್ರಿ ತಣ್ಣಗಾಗುತ್ತದೆ, ಅದಕ್ಕೇ ಇಲ್ಲಿ ಹೇಗೋ ನಡೆಯುತ್ತದೆ. ಕರಾವಳಿಯ ಬೆಚ್ಚಗಿನ ಒದ್ದೆ ರಾತ್ರಿ ಅದಕ್ಕೆ ಆಗಿಬರಲ್ಲ.

ಧಾರವಾಡದ ದತ್ತು | 10:11

ಇಷ್ಟೆಲ್ಲ ಯಾಕ್ರೀ? ವಾರಕ್ಕೊಮ್ಮೆ ಭಾನುವಾರ ನೀರು, ಉಳಿದ ದಿನ ಮುಟ್ಟಬಾರದು. ನಾನು ಐದು ವರ್ಷದಿಂದ ಹಂಗೇ ಮಾಡುತ್ತೇನೆ.

ಮಲೆನಾಡ ಮಂಜು | 10:15

ದತ್ತು ಅವರೇ, ನಿಮ್ಮ ಗಿಡಕ್ಕೆ ಭಾನುವಾರ ಯಾವಾಗ ಅಂತ ಗೊತ್ತಾ? ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಸರಿ ಇರಬಹುದು. ಈಗ ಜುಲೈನಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಕುಂಡದ ಮಣ್ಣು ಇಪ್ಪತ್ತು ದಿನವಾದರೂ ಒಣಗುವುದಿಲ್ಲ. ಕ್ಯಾಲೆಂಡರ್ ನೋಡಿ ನೀರು ಹಾಕಿದರೆ ಮಳೆಗಾಲದಲ್ಲಿ ಶ್ರಾದ್ಧ ಗ್ಯಾರಂಟಿ.

ಧಾರವಾಡದ ದತ್ತು | 10:19

ನಮ್ಮ ಕಡೆ ಒಣ ಗಾಳಿ, ಮಣ್ಣಿನ ಕುಂಡ. ಎರಡು ದಿನಕ್ಕೆ ಒಣಗುತ್ತದೆ. ನಿಮ್ಮ ಊರಿನ ಲೆಕ್ಕ ನನಗೆ ಹೇಳಬೇಡಿ.

ಮಲೆನಾಡ ಮಂಜು | 10:20

ಅದನ್ನೇ ನಾನೂ ಹೇಳಿದ್ದು! ನಿಮ್ಮ ಊರಿನ ಲೆಕ್ಕ ಬನಶಂಕರಿಗೆ ಹೇಳಬೇಡಿ ಅಂತ.

ಊದುಬತ್ತಿ ಉಷಾ | 10:34

ಜಗಳ ಸಾಕು. ಸುಲಭದ ದಾರಿ ಹೇಳುತ್ತೇನೆ. ಉರಿದು ಮುಗಿದ ಊದುಬತ್ತಿಯ ಕಡ್ಡಿ ಇರುತ್ತದಲ್ಲ, ಅದನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ ಐದು ನಿಮಿಷ ಬಿಡಿ. ತೆಗೆದಾಗ ಮಣ್ಣು ಅಂಟಿದ್ದರೆ, ಕಡ್ಡಿ ಒದ್ದೆ ಬಣ್ಣಕ್ಕೆ ತಿರುಗಿದ್ದರೆ ನೀರು ಬೇಡ. ಮೇಲಿನ ಮಣ್ಣು ಮುಟ್ಟಿ ಮೋಸ ಹೋಗಬೇಡಿ, ಮೇಲೆ ಒಣಗಿ ತಳದಲ್ಲಿ ಕೆಸರು ಇರುತ್ತದೆ. ಇನ್ನೊಂದು, ನೀರು ಹಾಕಿದ ದಿನ ಕುಂಡ ಎತ್ತಿ ನೋಡಿ ತೂಕ ನೆನಪಿಟ್ಟುಕೊಳ್ಳಿ. ನಾಲ್ಕು ಸಲ ಎತ್ತಿದರೆ ಕೈಗೇ ಗೊತ್ತಾಗುತ್ತದೆ.

ದೇವರ ಮನೆಯ ಕಡ್ಡಿ ಹೀಗೆ ಬಳಸಬಾರದು ಅಂತ ನಮ್ಮಮ್ಮ ಬೈಯುತ್ತಾರೆ, ಅದು ಬೇರೆ ವಿಷಯ.

ಬಾಲ್ಕನಿ ಭಾಗ್ಯ | 11:02

ಕಳ್ಳಿಗೌಡ ಸರ್, ನೀವು ಹೇಳಿದಂತೆ ಒತ್ತಿ ನೋಡಿದೆ. ಎರಡರಲ್ಲೂ ಸುಕ್ಕು ಇದೆ, ಬದನೆಕಾಯಿ ಥರವೇ. ಪಿಚಕ್ ಅನ್ನುವುದಿಲ್ಲ. ಒಂದರಲ್ಲಿ ಮಾತ್ರ ಕೆಳಗಿನ ಮೂರು ಎಲೆ ಮುಟ್ಟಿದ ತಕ್ಷಣ ಬಿದ್ದವು. ಉಷಾ ಅವರ ಕಡ್ಡಿ ಪರೀಕ್ಷೆಯನ್ನೂ ಮಾಡಿದೆ, ಎರಡೂ ಕುಂಡದಲ್ಲಿ ಒದ್ದೆ. ಹಾಗಿದ್ದರೆ ಒದ್ದೆ ಮಣ್ಣಿನಲ್ಲಿ ಬಾಯಾರಿಕೆ ಹೇಗೆ?

ಸುಮ್ನೆ ಓದುಗ | 11:04

ನಾನು ಮೊದಲೇ ಹೇಳಿದೆ.

ಕಳ್ಳಿಗೌಡ | 11:22

ಇಲ್ಲೇ ಎಲ್ಲರೂ ಎಡವುವುದು. ಎಲೆ ಸುಕ್ಕು, ಮಣ್ಣು ಒಣ: ಬಾಯಾರಿಕೆ, ನೀರು ಹಾಕಿ, ಎರಡು ಮೂರು ದಿನದಲ್ಲಿ ಎಲೆ ತುಂಬಿಕೊಳ್ಳುತ್ತದೆ. ಎಲೆ ಸುಕ್ಕು, ಮಣ್ಣು ಒದ್ದೆ: ಕೆಳಗೆ ಕುಡಿಯುವ ಬಾಯಿಯೇ ಇಲ್ಲ, ಬೇರು ಸತ್ತಿದೆ. ನೀರು ಹಾಕಿದಷ್ಟೂ ಕೆಡುತ್ತದೆ. ಅಂದರೆ ನೀರು ಜಾಸ್ತಿಯಾದ ಗಿಡವೂ ಬಾಯಾರಿದ ಮುಖವನ್ನೇ ತೋರಿಸುತ್ತದೆ. ಪಕ್ಕದ ಮನೆ ಆಂಟಿ ತಪ್ಪು ಹೇಳಲಿಲ್ಲ, ಆಪ್ ಕೂಡ ಪೂರ್ತಿ ತಪ್ಪಲ್ಲ. ಎಲೆ ನೋಡಿ ಊಹೆ ಮಾಡುವುದು ಇಷ್ಟೇ. ಮುಂದಿನದು ಬೇರು ನೋಡಿಯೇ ತಿಳಿಯಬೇಕು.

ಎರಡನ್ನೂ ಕುಂಡದಿಂದ ಹೊರಗೆ ತೆಗೆಯಿರಿ. ಹೆದರಬೇಡಿ, ಇವು ಮಲ್ಲಿಗೆ ಗಿಡದ ಥರ ಅಲ್ಲ, ವಾರವಿಡೀ ಬೇರು ಬರಿಗಾಳಿಯಲ್ಲಿ ಇದ್ದರೂ ಸಾಯುವುದಿಲ್ಲ. ಬೇರು ಬಿಳಿ ಅಥವಾ ತಿಳಿ ಕಂದು ಬಣ್ಣ ಇದ್ದು, ಎಳೆದರೆ ಗಟ್ಟಿಯಾಗಿದ್ದರೆ ಆರೋಗ್ಯ. ಕಪ್ಪಗಾಗಿ, ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿದರೆ ಕೊಳೆತಿದೆ. ಮೂಗಿಗೂ ಗೊತ್ತಾಗುತ್ತದೆ.

ಬಾಲ್ಕನಿ ಭಾಗ್ಯ | 11:30

ಸಂಜೆ ತೆಗೆಯುತ್ತೇನೆ. ಈಗ ಅತ್ತೆ ಬಾಲ್ಕನಿಯಲ್ಲಿ ಹಪ್ಪಳ ಹರವಿದ್ದಾರೆ, ಇಲ್ಲದ ಬಿಸಿಲಿಗೆ.

ಹಸಿರು ಹನುಮಂತ | 11:47

ಹವರ್ಥಿಯಾ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅಕ್ಕಾ, ತುದಿ ಮಾತ್ರ ಗಾಜಿನಂತೆ ಇದ್ದು, ಮುಟ್ಟಿದರೆ ಗಟ್ಟಿ ಇದ್ದರೆ ಅದು ಗಿಡದ ಕಿಟಕಿ. ನಿಜವಾಗಿಯೂ ಕಿಟಕಿ ಅಂತಲೇ ಕರೆಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಕೆಲವು ಜಾತಿಗಳು ಅರ್ಧ ಮಣ್ಣಲ್ಲಿ ಹೂತುಕೊಂಡು ತುದಿ ಮಾತ್ರ ಹೊರಗೆ ಹಾಕಿರುತ್ತವೆ, ಆ ಕಿಟಕಿಯಿಂದ ಬೆಳಕು ಎಲೆಯ ಒಳಗೆ ಇಳಿಯುತ್ತದೆ. ನಾನು ಮೊದಲ ಸಲ ತಂದಾಗ ಕೊಳೆತಿದೆ ಅಂದುಕೊಂಡು ತುದಿಯನ್ನೆಲ್ಲ ಕತ್ತರಿಯಲ್ಲಿ ಕತ್ತರಿಸಿ ಹಾಕಿದ್ದೆ. ನಗಬೇಡಿ.

ಕುಡ್ಲದ ಕೈತೋಟ | 11:49

ನಕ್ಕಾಯಿತು.

ಲಾಲ್‌ಬಾಗ್ ಲತಾ | 12:10

ಜೇಡ್ ವಿಷಯ ನನಗೆ ಬಿಡಿ. ಒಂದೇ ಕಡೆ ವಾಲಿ, ಎಲೆ ಎಲೆ ನಡುವೆ ಅಂತರ ಜಾಸ್ತಿಯಾಗಿ, ಬಣ್ಣ ಪೇಲವವಾದರೆ ಬೆಳಕಿನ ಕೊರತೆ. ಬೆಳಕು ಹುಡುಕಿಕೊಂಡು ಕತ್ತು ಚಾಚುತ್ತಿದೆ. ಎಚೆವೇರಿಯಾ ಆದರೆ ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟು ಛತ್ರಿ ಥರ ಆಗುತ್ತದೆ. ಹಾಗೆ ಉದ್ದವಾದದ್ದು ಮತ್ತೆ ಗಿಡ್ಡ ಆಗುವುದಿಲ್ಲ. ತುದಿ ಕತ್ತರಿಸಿ ಬೇರೆ ನೆಡುವುದೊಂದೇ ದಾರಿ. ಬಹಳ ಜನ ಉದ್ದ ಆಗುತ್ತಿದೆ, ಚೆನ್ನಾಗಿ ಬೆಳೆಯುತ್ತಿದೆ ಅಂತ ಖುಷಿ ಪಡುತ್ತಾರೆ, ನಮ್ಮ ಯಜಮಾನರೂ ಅದೇ ಗುಂಪು.

ಅಂದ ಹಾಗೆ ನಿಮ್ಮದು ಜೇಡ್ ಹೌದಾ? ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಕೊಡುವುದು ಹೆಚ್ಚಿನ ಸಲ ಪೋರ್ಚುಲಕೇರಿಯಾ. ಕೆಂಪು ಕಾಂಡ, ಉಗುರಿನಷ್ಟು ಸಣ್ಣ ಎಲೆ. ನಿಜವಾದ ಜೇಡ್ ಅಂದರೆ ಕ್ರಾಸುಲಾ, ಅದರ ಎಲೆ ದೊಡ್ಡದು, ಕಾಂಡ ದಪ್ಪ.

ವಾಸ್ತು ವಸಂತ | 12:18

ಯಾವುದಾದರೇನು ಮೇಡಂ, ಆಗ್ನೇಯದಲ್ಲಿಟ್ಟರೆ ದುಡ್ಡು ಬರುತ್ತದೆ.

ಲಾಲ್‌ಬಾಗ್ ಲತಾ | 12:21

ಬಿಸಿಲು ಬರುವ ಕಡೆ ಇಡಲಿ ಸಾರ್, ಎಲೆ ಬಂದರೆ ಸಾಕು. ಹೆಸರಿಗೆ ಯಾಕೆ ಜಗಳ ಅಂದರೆ, ಪೋರ್ಚುಲಕೇರಿಯಾ ನೀರು ಸ್ವಲ್ಪ ಜಾಸ್ತಿಯಾದರೂ ತಡೆದುಕೊಳ್ಳುತ್ತದೆ, ಬೇಗ ಬೆಳೆಯುತ್ತದೆ. ಕ್ರಾಸುಲಾ ತಡೆಯುವುದಿಲ್ಲ, ಬುಡ ಮೆತ್ತಗಾಗಿ ಒಂದು ದಿನ ಇಡೀ ಗಿಡ ಮಕಾಡೆ ಬೀಳುತ್ತದೆ.

ವಾಸ್ತು ವಸಂತ | 12:25

ಸ್ನೇಕ್ ಪ್ಲಾಂಟ್ ಆದರೂ ಮಲಗುವ ಕೋಣೆಯಲ್ಲಿ ಇಡಿ. ರಾತ್ರಿ ಆಮ್ಲಜನಕ ಕೊಡುತ್ತದೆ, ಇದು ವಾಸ್ತು ಅಲ್ಲ, ವಿಜ್ಞಾನ.

ಹಸಿರು ಹನುಮಂತ | 12:40

ಅರ್ಧ ವಿಜ್ಞಾನ. ಈ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ರಾತ್ರಿ ತೆರೆಯುತ್ತವೆ, ಹಗಲಿನ ಬಿಸಿಲಲ್ಲಿ ನೀರು ಆವಿಯಾಗಿ ಹೋಗಬಾರದು ಅಂತ. ರಾತ್ರಿ ಇಂಗಾಲದ ಡೈಆಕ್ಸೈಡ್ ಎಳೆದು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಆದರೆ ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು, ಅದು ಹಗಲಿನ ಕೆಲಸ. ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದೆ ಅನ್ನಲು ಜನ ಹೇಳುವ 1989ರ ನಾಸಾ ಪ್ರಯೋಗ ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ ನಡೆದದ್ದು, ಅದೂ ಬೆಂಜೀನ್ ಥರದ ಅನಿಲಗಳ ಬಗ್ಗೆ. ಕಿಟಕಿ ತೆಗೆದು ಮಲಗಿ, ಅದು ಹತ್ತು ಸ್ನೇಕ್ ಪ್ಲಾಂಟ್‌ಗೆ ಸಮ.

ಬ್ರಹ್ಮಕಮಲದ ಬೃಂದಾ | 1:15

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮನೆ ಬ್ರಹ್ಮಕಮಲದ ಎಲೆಯೂ ಕೆಂಪಾಗಿ ತೆಳ್ಳಗಾಗಿದೆ. ಹೋದ ವಾರ ಎಂಟು ಹೂ ಬಿಟ್ಟಿತ್ತು, ರಾತ್ರಿ ಹತ್ತಕ್ಕೆ ಬೀದಿಯವರೆಲ್ಲ ಬಂದು ಆರತಿ ಎತ್ತಿದರು. ದೃಷ್ಟಿಯಾಯ್ತಾ?

ಮಲೆನಾಡ ಮಂಜು | 1:22

ಅದು ಬ್ರಹ್ಮಕಮಲ ಅಲ್ಲ. ನಿಜವಾದದ್ದು ಹಿಮಾಲಯದಲ್ಲಿ ಮಾತ್ರ.

ಬ್ರಹ್ಮಕಮಲದ ಬೃಂದಾ | 1:24

ನಮ್ಮಜ್ಜಿ ಕಾಲದಿಂದ ಬ್ರಹ್ಮಕಮಲ. ನೀವು ಹಿಮಾಲಯಕ್ಕೆ ಹೋಗಿ ಬನ್ನಿ.

ಕಳ್ಳಿಗೌಡ | 1:50

ಹೆಸರು ಏನೇ ಇರಲಿ, ನಿಮ್ಮದು ಕಳ್ಳಿಯೇ. ಆದರೆ ಮರುಭೂಮಿಯದ್ದಲ್ಲ, ಕಾಡಿನ ಮರಗಳ ಮೇಲೆ ಬೆಳೆಯುವ ಕಳ್ಳಿ. ನೀವು ಎಲೆ ಅನ್ನುವುದು ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದ ಮೊಗ್ಗು ಬರುವುದು, ಎಲೆಯಿಂದ ಎಲ್ಲಾದರೂ ಹೂ ಬರುತ್ತದೆಯೇ? ಮರದ ನೆರಳಿನ ಗಿಡ, ಹಾಗಾಗಿ ಮಧ್ಯಾಹ್ನದ ನೇರ ಬಿಸಿಲು ಬಿದ್ದರೆ ಕೆಂಪಾಗುತ್ತದೆ. ಎಂಟು ಹೂವಿಗೆ ಗಿಡ ತನ್ನೊಳಗಿನ ನೀರು ಸುರಿದ ಮೇಲೆ ತೆಳ್ಳಗಾಗುವುದೂ ಸಹಜ. ನೆರಳಿಗೆ ಸರಿಸಿ, ಉಳಿದ ಸಕ್ಯುಲೆಂಟ್‌ಗಿಂತ ಸ್ವಲ್ಪ ಜಾಸ್ತಿ ನೀರು ಕೊಡಿ. ದೃಷ್ಟಿ ತೆಗೆದರೂ ನಷ್ಟವಿಲ್ಲ.

ಬಣ್ಣದ ಬಸವ | 2:05

ಕೆಂಪು ಆದರೆ ರೋಗ ಅಂತ ಹೇಳಬೇಡಿ. ಎಚೆವೇರಿಯಾದ ಅಂಚು ಕೆಂಪಾದರೆ ಅದೇ ಆರೋಗ್ಯದ ಲಕ್ಷಣ. ನಾನು ಬೇಕಂತಲೇ ಬಿಸಿಲಿಗಿಟ್ಟು ಕೆಂಪು ಮಾಡುತ್ತೇನೆ.

ಲಾಲ್‌ಬಾಗ್ ಲತಾ | 2:12

ಆರೋಗ್ಯ ಅನ್ನುವುದಕ್ಕಿಂತ, ಬಿಸಿಲಿಗೆ ಗಿಡ ಛತ್ರಿ ಹಿಡಿದಿದೆ ಅನ್ನಿ. ಎಲೆ ದಪ್ಪವಾಗಿ, ಸುಳಿ ಬಿಗಿಯಾಗಿ ಇದ್ದು ಅಂಚು ಕೆಂಪಾದರೆ ತೊಂದರೆ ಇಲ್ಲ, ನೋಡಲೂ ಚಂದ. ಎಲೆ ಸುಕ್ಕಾಗಿ ಕೆಂಪಾದರೆ ಚಂದ ಅಂತ ಕೂರಬೇಡಿ. ಇನ್ನು ಕಂದು ಅಥವಾ ಬೂದು ಬಣ್ಣದ ಒಣ ಕಲೆ ಬಿಸಿಲು ಬೀಳುವ ಕಡೆ ಮಾತ್ರ ಇದ್ದರೆ ಅದು ಸುಟ್ಟ ಗಾಯ. ಆ ಕಲೆ ಹೋಗುವುದಿಲ್ಲ, ಎಲೆ ಉದುರುವವರೆಗೆ ಇರುತ್ತದೆ, ಆದರೆ ಹರಡುವುದೂ ಇಲ್ಲ. ಕೊಳೆತ ಹಾಗಲ್ಲ. ಒದ್ದೆಯಾಗಿ ಬುಡದಿಂದಲೋ ಸುಳಿಯಿಂದಲೋ ಶುರುವಾಗಿ ದಿನದಿನಕ್ಕೆ ಹರಡುತ್ತದೆ. ನರ್ಸರಿಯ ಹಸಿರು ನೆರಳು ಬಟ್ಟೆಯ ಕೆಳಗೆ ಬೆಳೆದದ್ದನ್ನು ತಂದ ದಿನವೇ ಟೆರೇಸಿಗೆ ಹಾಕಿದರೆ ಸುಡದೆ ಇನ್ನೇನು? ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪ ಬಿಸಿಲು ರೂಢಿ ಮಾಡಿಸಬೇಕು.

ದುಬೈ ದೀಪಾ | 2:40

ಇಲ್ಲಿ ನಮ್ಮ ಕಷ್ಟ ಉಲ್ಟಾ. ಹೊರಗೆ 45 ಡಿಗ್ರಿ, ಒಳಗೆ ದಿನವಿಡೀ ಎಸಿ. ಎಚೆವೇರಿಯಾ ಆಸೆ ಬಿಟ್ಟು ಅಡೇನಿಯಂ ಹಿಡಿದೆ, ಅದು ಅರಬ್ ನೆಲದಲ್ಲೂ ಕಾಡಿನಲ್ಲಿ ಬೆಳೆಯುವ ಗಿಡ, ಬಾಲ್ಕನಿಯಲ್ಲಿ ರಾಜನ ಥರ ಇದೆ. ಅದರ ಆರೋಗ್ಯ ನೋಡುವುದು ಸುಲಭ, ಬುಡದ ಗೆಡ್ಡೆ ಒತ್ತಿ. ಕಲ್ಲಿನಂತೆ ಇದ್ದರೆ ಸರಿ. ಎಲ್ಲ ಕಡೆ ಒಂದೇ ಸಮ ಸ್ವಲ್ಪ ಬಗ್ಗಿದರೆ ಬಾಯಾರಿಕೆ. ಒಂದು ಕಡೆ ಮಾತ್ರ ಬೆರಳು ಒಳಗೆ ಇಳಿದರೆ ಕೊಳೆತ, ಚಾಕು ತಗೊಳ್ಳಿ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿದರೆ ಅಳಬೇಡಿ, ನಿದ್ದೆ ಮಾಡುತ್ತಿರುತ್ತದೆ. ನಾನು ಮೊದಲ ವರ್ಷ ಎಲೆ ಉದುರಿತು ಅಂತ ದಿನಾ ನೀರು ಹಾಕಿ ಎಬ್ಬಿಸಲು ಹೋಗಿ ಶಾಶ್ವತವಾಗಿ ಮಲಗಿಸಿದೆ.

ಬಯಲುಸೀಮೆ ಭೀಮ | 3:30

ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ. ಹುಳ ನೋಡಿದಿರಾ? ಎಲೆ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿ ಕಂಡರೆ ಹಿಟ್ಟು ತಿಗಣೆ. ಕುಂಡದ ಸುತ್ತ ಇರುವೆ ಸಾಲು ಇದ್ದರಂತೂ ಅನುಮಾನವೇ ಬೇಡ, ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್ ಬಡ್ ಅದ್ದಿ ಒಂದೊಂದಾಗಿ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಒಂದೇ ಸಲಕ್ಕೆ ಹೋಗುವ ಜಾತಿ ಅಲ್ಲ ಅದು. ಬೇರಿನಲ್ಲೂ ಕೂತಿರುತ್ತದೆ, ಕುಂಡ ಬಿಚ್ಚಿದಾಗ ನೋಡಿ.

ನಮ್ಮ ಚಿತ್ರದುರ್ಗದ ಕಡೆ ಬೇಲಿಯ ಪಾಪಾಸುಕಳ್ಳಿ ಮೇಲೂ ಇಂಥದೇ ಬಿಳಿ ಹತ್ತಿ. ಚಿಕ್ಕವರಿದ್ದಾಗ ಅದನ್ನು ಉಜ್ಜಿದರೆ ಕೈಯೆಲ್ಲ ರಕ್ತದಂಥ ಕೆಂಪು, ತಂಗಿಯ ಹಣೆಗೆ ಬಳಿದು ಹೆದರಿಸುತ್ತಿದ್ದೆವು. ಅದು ಬೇರೆ ಹುಳ, ಕೊಚಿನೀಲ್. ಪಾಪಾಸುಕಳ್ಳಿ ಹೊಲಗಳನ್ನೆಲ್ಲ ನುಂಗುತ್ತಿದ್ದಾಗ, 1920ರ ದಶಕದಲ್ಲಿ, ಅದನ್ನು ತಿನ್ನಲಿ ಅಂತಲೇ ದಕ್ಷಿಣ ಭಾರತದಲ್ಲಿ ಬಿಟ್ಟ ಹುಳ. ಹಾಗಾಗಿ ಬಿಳಿ ಕಂಡರೆ ಒಂದು ಉಜ್ಜಿ ನೋಡಿ.

ಹಸಿರು ಹನುಮಂತ | 3:41

ಬಿಳಿ ಅಂದರೆಲ್ಲ ಹುಳ ಅಲ್ಲ. ಎಚೆವೇರಿಯಾ ಮೇಲೆ ವಿಭೂತಿ ಬಳಿದಂತೆ ಒಂದೇ ಸಮನಾದ ಬೂದಿ ಇರುತ್ತದೆ. ಅದು ಗಿಡವೇ ಮಾಡಿಕೊಂಡ ಮೇಣ, ಬಿಸಿಲಿಗೂ ನೀರಿಗೂ ರಕ್ಷಣೆ. ಅದನ್ನು ಧೂಳು ಅಂತ ಒರೆಸಬೇಡಿ, ಬೆರಳಚ್ಚು ಬಿದ್ದರೆ ಆ ಎಲೆಯಲ್ಲಿ ಹಾಗೇ ಉಳಿಯುತ್ತದೆ. ಬೇವಿನೆಣ್ಣೆಯೂ ಅದನ್ನು ಕರಗಿಸುತ್ತದೆ. ಎಣ್ಣೆ ಹೊಡೆದು ಬಿಸಿಲಿಗಿಟ್ಟರೆ ಮುಗೀತು, ಬಜ್ಜಿ.

ಬಾಲ್ಕನಿ ಭಾಗ್ಯ | 6:48

ಬಿಚ್ಚಿದೆ. ಎಲ್ಲರೂ ಕೇಳಿ, ಇದು ವಿಚಿತ್ರ.

ಮೊದಲನೆಯದು, ಎಲೆ ಉದುರುತ್ತಿದ್ದದ್ದು. ಮಣ್ಣು ಕಪ್ಪಗೆ, ಒದ್ದೆ, ಹಳೆ ಒರೆಸುವ ಬಟ್ಟೆಯ ವಾಸನೆ. ಬೇರು ಹಿಡಿದು ಎಳೆದೆ, ಸಿಪ್ಪೆ ಕೈಗೆ ಬಂತು. ಕಾಂಡದ ಬುಡ ಅರ್ಧ ಇಂಚು ಕಪ್ಪು. ಕುಂಡದ ತಳದಲ್ಲಿ ತೂತೇ ಇಲ್ಲ! ಪಿಂಗಾಣಿ ಕುಂಡ ಚಂದ ಇತ್ತು ಅಂತ ನಾನೇ ತಂದು ನೆಟ್ಟದ್ದು.

ಎರಡನೆಯದು, ಅದೂ ಸುಕ್ಕಾಗಿದ್ದೇ ಅಲ್ವಾ, ಆದರೆ ಬೇರು ಬೆಳ್ಳಗೆ ಗಟ್ಟಿಯಾಗಿದೆ. ಸುತ್ತಲಿನ ಮಣ್ಣು ಒದ್ದೆ. ನಡುವೆ ಬೇರಿನ ಸುತ್ತ ಒಂದು ಬಿಲ್ಲೆ ಥರ ಗಟ್ಟಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದಕ್ಕೆ ಬಲೆಯಂಥ ಬಟ್ಟೆ ಸುತ್ತಿದೆ. ಒಡೆದರೆ ಒಳಗೆ ನಶ್ಯದಂತೆ ಒಣ ಪುಡಿ ಉದುರಿತು. ಮೂರು ವಾರ ಚಿಮುಕಿಸಿದ ನೀರು ಅದರೊಳಗೆ ಹೋಗೇ ಇಲ್ಲ!

ಊದುಬತ್ತಿ ಉಷಾ | 6:55

ಅಯ್ಯೋ, ನನ್ನ ಕಡ್ಡಿ ಪಕ್ಕದ ಮಣ್ಣಿಗೆ ಚುಚ್ಚಿಕೊಂಡಿದೆ. ಒಪ್ಪಿದೆ, ಸೋತೆ. ಇನ್ನು ಮೇಲೆ ಗಿಡದ ಬುಡಕ್ಕೇ ಹತ್ತಿರ ಚುಚ್ಚಿ ಅನ್ನುತ್ತೇನೆ.

ಸುಮ್ನೆ ಓದುಗ | 6:57

ಅರ್ಧ ನನ್ನ ಉತ್ತರ ಸರಿ.

ಕಳ್ಳಿಗೌಡ | 7:20

ನಾನೂ ಎರಡರದ್ದೂ ಬೇರು ಸತ್ತಿದೆ ಅಂದುಕೊಂಡಿದ್ದೆ. ಹೀಗೆ ಗಟ್ಟಿಯಾದ ಕೊಕೊಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ. ಚಿಮುಕಿಸಿದರಂತೂ ಮೇಲಿನ ಪದರವೇ ದಾಟುವುದಿಲ್ಲ. ಒಂದೇ ಮನೆ, ಒಂದೇ ಕೈ, ಒಂದೇ ಮುಖದ ಸುಕ್ಕು, ಒಂದು ಮುಳುಗಿ ಸತ್ತದ್ದು, ಇನ್ನೊಂದು ನೀರಿನ ನಡುವೆ ಬಾಯಾರಿದ್ದು.

ಈಗ ಕೆಲಸ. ಎರಡನೆಯದರ ಬಲೆ ಪೂರ್ತಿ ಕಿತ್ತು, ಹಳೆ ಕೊಕೊಪೀಟ್ ಆದಷ್ಟು ಉದುರಿಸಿ ಹೊಸ ಮಣ್ಣಿಗೆ ಹಾಕಿ. ಮೂರ್ನಾಲ್ಕು ದಿನ ಬಿಟ್ಟು, ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ಚಿಮುಕಿಸುವುದು ಬೇಡವೇ ಬೇಡ. ಮೊದಲನೆಯದಕ್ಕೆ ಆಪರೇಷನ್. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಪ್ಪು ಕಾಣಿಸದ ಜಾಗದವರೆಗೆ ಕಾಂಡ ಕತ್ತರಿಸುತ್ತಾ ಹೋಗಿ. ಕತ್ತರಿಸಿದ ಮುಖ ಪೂರ್ತಿ ತಿಳಿ ಹಸಿರು ಇರಬೇಕು, ನಡುವೆ ಒಂದು ಕಂದು ಚುಕ್ಕೆ ಉಳಿದರೂ ಮತ್ತೆ ಕೊಳೆಯುತ್ತದೆ. ಆಮೇಲೆ ನೆರಳಲ್ಲಿ ನಾಲ್ಕೈದು ದಿನ ಹಾಗೇ ಇಡಿ, ಗಾಯ ಒಣಗಿ ಪೊರೆ ಕಟ್ಟಲಿ. ನಂತರ ಒಣ ಮಣ್ಣಿನ ಮೇಲೆ ಕೂರಿಸಿ. ಬೀಳುತ್ತಿರುವ ಎಲೆಗಳಲ್ಲಿ ಬುಡ ಹರಿಯದೆ ಪೂರ್ತಿ ಬಂದಿರುವ ಗಟ್ಟಿ ಎಲೆ ಇದ್ದರೆ ಎಸೆಯಬೇಡಿ, ಮಣ್ಣ ಮೇಲೆ ಹಾಗೇ ಹಾಕಿ.

ಧಾರವಾಡದ ದತ್ತು | 7:34

ಮಣ್ಣು ಅಂದರೆ ಯಾವ ಮಣ್ಣು ಅಂತ ಹೇಳ್ರಿ. ನನ್ನ ಲೆಕ್ಕ: ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು, ಒಂದು ಮುಷ್ಟಿ ಇದ್ದಿಲು. ಎಂ ಸ್ಯಾಂಡ್ ಆದರೆ ಜರಡಿ ಹಿಡಿದು ಪುಡಿ ತೆಗೆಯಬೇಕು, ಇಲ್ಲಾಂದ್ರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಕುಂಡ ಮಣ್ಣಿನದೇ ಇರಲಿ, ಅದು ಉಸಿರಾಡುತ್ತದೆ.

ಲಾಲ್‌ಬಾಗ್ ಲತಾ | 7:40

ಬೆಂಗಳೂರಿನವರಿಗೆ ಪಾಟರಿ ಟೌನ್‌ನಲ್ಲಿ ಸಣ್ಣ ಮಣ್ಣಿನ ಕುಂಡ ಬೇಕಾದಷ್ಟು ಸಿಗುತ್ತದೆ. ಗಿಡಕ್ಕಿಂತ ಒಂದು ಬೆರಳು ಅಗಲ ಇದ್ದರೆ ಸಾಕು. ಮುಂದೆ ಚೆನ್ನಾಗಿ ಬೆಳೆಯಲಿ ಅಂತ ಬಕೆಟ್ಟಿನಷ್ಟು ದೊಡ್ಡದಕ್ಕೆ ಹಾಕಬೇಡಿ, ಬೇರು ಕುಡಿಯದ ಮಣ್ಣು ಒದ್ದೆಯಾಗೇ ಕೂರುತ್ತದೆ.

ಬಣ್ಣದ ಬಸವ | 7:52

ಆಗಸ್ಟ್ 15ರ ಫ್ಲವರ್ ಶೋಗೆ ಯಾರೆಲ್ಲ ಹೋಗುತ್ತೀರಿ? ಹೋದ ಸಲ ನೀಲಿ ಬಣ್ಣದ ಕಳ್ಳಿ ತಂದಿದ್ದೆ, ನೀರು ಹಾಕಿದರೆ ನೀಲಿ ಇಳಿಯಿತು.

ಹಸಿರು ಹನುಮಂತ | 7:55

ಪೇಂಟ್ ಗುರು ಅದು. ಬಣ್ಣದ ಅಡಿಯಲ್ಲಿ ಗಿಡಕ್ಕೆ ಬೆಳಕೇ ಸಿಗುವುದಿಲ್ಲ. ಕಳ್ಳಿಯ ತಲೆ ಮೇಲೆ ಒಣ ಹೂವು ಅಂಟಿಸಿ ಮಾರುವುದೂ ಉಂಟು, ಹೂ ಎಳೆದು ನೋಡಿ ತಗೊಳ್ಳಿ. ಕೆಂಪು ಹಳದಿ ಚೆಂಡು ಕೂತಿರುವ ಕಳ್ಳಿ ಮಾತ್ರ ಪೇಂಟ್ ಅಲ್ಲ, ಅದು ಕಸಿ. ಮೇಲಿನ ಚೆಂಡಿಗೆ ಹಸಿರೇ ಇಲ್ಲ, ಕೆಳಗಿನ ಕಳ್ಳಿ ದುಡಿದು ಸಾಕುತ್ತದೆ. ಹೆಚ್ಚು ವರ್ಷ ಬಾಳುವುದಿಲ್ಲ.

ಕುಡ್ಲದ ಕೈತೋಟ | 8:03

ಕೆಲವು ಮನೆಯಲ್ಲಿ ಮನುಷ್ಯರೂ ಹಾಗೇ.

ಬಾಲ್ಕನಿ ಭಾಗ್ಯ | ಮೂರು ವಾರದ ನಂತರ, ಭಾನುವಾರ 10:26

ಯಾರಾದರೂ ಇನ್ನೂ ಇದ್ದೀರಾ? ಸುದ್ದಿ ಹೇಳಬೇಕಿತ್ತು.

ಬಾಯಾರಿದ್ದ ಎಚೆವೇರಿಯಾ ನೀರು ಕೊಟ್ಟ ಮೂರನೇ ದಿನಕ್ಕೆ ತುಂಬಿಕೊಂಡಿತು. ಈಗ ಒತ್ತಿದರೆ ಎಳೆ ಸೌತೆಕಾಯಿ ಥರ ಗಟ್ಟಿ. ಕೆಳಗಿನ ಎರಡು ಎಲೆ ಒಣಗಿ ಕಾಗದವಾಯಿತು, ಈ ಸಲ ನಾನು ಹೆದರಲಿಲ್ಲ. ಇನ್ನೊಂದನ್ನು ನಾಲ್ಕು ಸಲ ಕತ್ತರಿಸಬೇಕಾಯಿತು, ಪ್ರತಿ ಸಲವೂ ನಡುವೆ ಒಂದು ಕಂದು ಚುಕ್ಕೆ. ಕೊನೆಗೆ ಕಾಂಡವೇ ಉಳಿಯಲಿಲ್ಲ, ಸುಳಿ ಬಿಚ್ಚಿಕೊಂಡು ಹೋಯಿತು. ಆದರೆ ಕಳ್ಳಿಗೌಡ ಸರ್ ಎಸೆಯಬೇಡಿ ಅಂದಿದ್ದ ಎಲೆ ಆರು ಇತ್ತು, ಹಪ್ಪಳದ ತಟ್ಟೆಯಲ್ಲಿ ಮಣ್ಣು ಹರಡಿ ಇಟ್ಟಿದ್ದೆ. ನಿನ್ನೆ ನೋಡಿದರೆ ಎರಡರಲ್ಲಿ ಗುಲಾಬಿ ಬಣ್ಣದ ನೂಲಿನಂಥ ಬೇರು, ಒಂದರ ಬುಡದಲ್ಲಿ ಸಾಸಿವೆಯಷ್ಟು ಮರಿ!

ಜೇಡ್ ನಿಜವಾಗಿ ಪೋರ್ಚುಲಕೇರಿಯಾ ಆಗಿತ್ತು, ಲತಾ ಮೇಡಂ ಹೇಳಿದ್ದೇ ಸರಿ. ಕತ್ತರಿಸಿ ಟೆರೇಸಿಗೆ ಹಾಕಿದ್ದೇನೆ. ಹವರ್ಥಿಯಾ ಕಿಟಕಿ ತೆರೆದುಕೊಂಡು ಕೂತಿದೆ.

ಕಳ್ಳಿಗೌಡ | 10:40

ಮರಿ ಬಂದ ಎಲೆಯನ್ನು ಕೀಳಬೇಡಿ. ತಾಯಿ ಎಲೆ ಒಣಗುವವರೆಗೂ ಅದೇ ಊಟ ಹಾಕುತ್ತದೆ. ಬೇರು ಹೊರಗೆ ಕಾಣುತ್ತಿದ್ದರೆ ಚೂರು ಮಣ್ಣು ಮುಚ್ಚಿ.

ಊದುಬತ್ತಿ ಉಷಾ | 10:44

ಅತ್ತೆ ಚಿಮುಕಿಸುವುದು ಬಿಟ್ಟರಾ?

ಬಾಲ್ಕನಿ ಭಾಗ್ಯ | 10:51

ಬಿಟ್ಟಿಲ್ಲ. ಅವರಿಗೆ ಅಂತಲೇ ಒಂದು ಕುಂಡದಲ್ಲಿ ದೊಡ್ಡಪತ್ರೆ ನೆಟ್ಟು ತುಳಸಿ ಪಕ್ಕ ಇಟ್ಟೆ. ಅದರ ಎಲೆಯೂ ದಪ್ಪವಲ್ವಾ, ಇದೂ ನಿಮ್ಮ ಸಕ್ಯುಲೆಂಟೇ ಅಂದೆ. ಈಗ ದಿನಾ ಅದಕ್ಕೇ ಹಾಕುತ್ತಾರೆ. ನಿನ್ನೆ ತಂಬುಳಿ ಕೂಡ ಆಯಿತು.

ಬಯಲುಸೀಮೆ ಭೀಮ | 10:58

ದೊಡ್ಡಪತ್ರೆಯ ಸಂದಿಯಲ್ಲೂ ಹಿಟ್ಟು ತಿಗಣೆ ಬರುತ್ತದೆ, ತಂಬುಳಿಗೆ ಮೊದಲು ನೋಡಿಕೊಳ್ಳಿ.

ಧಾರವಾಡದ ದತ್ತು | 11:03

ಇವತ್ತು ಭಾನುವಾರ. ನಾನು ನೀರು ಹಾಕಲು ಹೊರಟೆ.